ನಿಮ್ಮ ಸಂಪರ್ಕಕ್ಕೆ ಐಪಿವಿ6 ವಿಳಾಸ: ಮುಂದಿನ ತಿಂಗಳಿನಿಂದ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಸಹಕಾರಿಯ ಎಲ್ಲ ಇಂಟರ್‌ನೆಟ್ ಸಂಪರ್ಕಗಳಿಗೂ ಐಪಿವಿ6 ವಿಳಾಸ, ಅಂದರೆ ಇಂಟರ್‌ನೆಟ್‌ನಲ್ಲಿ ಉಪಕರಣಗಳನ್ನು ಗುರುತಿಸುವ ಹೊಸ ಬಗೆಯ ವಿಳಾಸ ಸಿಗಲಿದೆ. ಹಳೆಯ ಐಪಿವಿ4 ಹಾಗೆಯೇ ಇರುತ್ತದೆ. ಶುಲ್ಕವೂ ಬದಲಾಗುವುದಿಲ್ಲ.

ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸಗಳು. ಅವುಗಳ ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಬರಿದಾಯಿತು. ಹಾಗಾಗಿ ಒಂದೇ ವಿಳಾಸವನ್ನು ಹಲವರಿಗೆ ಹಂಚಿ ಇಷ್ಟು ದಿನ ನಿಭಾಯಿಸಿದೆವು. ಯಾರೋ ಮಾಡಿದ ತಪ್ಪಿಗೆ ಅದೇ ವಿಳಾಸದಲ್ಲಿದ್ದ ಇನ್ನೊಬ್ಬರನ್ನು ಜಾಲತಾಣಗಳು ತಡೆದದ್ದುಂಟು. ಅಂಥ ದೂರು ಬಂದಾಗಲೆಲ್ಲ ನಮಗೆ ಸಂಕಟವಾಗುತ್ತಿತ್ತು.

ಇನ್ನು ಮುಂದೆ ಪ್ರತಿ ಸಂಪರ್ಕಕ್ಕೂ ಒಂದು /56 ಪ್ರಿಫಿಕ್ಸ್ ಕೊಡುತ್ತೇವೆ. ಅಂದರೆ 128 ಬಿಟ್‌ಗಳ ವಿಳಾಸದಲ್ಲಿ ಮೊದಲ 56 ಬಿಟ್‌ಗಳು ನಮ್ಮಿಂದ ಬರುತ್ತವೆ, ಉಳಿದವು ನಿಮ್ಮ ಕೈಯಲ್ಲಿರುತ್ತವೆ. ಅದರಲ್ಲಿ /64 ಗಾತ್ರದ 256 ಜಾಲಗಳನ್ನು ಮಾಡಿಕೊಳ್ಳಬಹುದು. ಒಂದೇ ಒಂದು /64 ಕೊಟ್ಟು ಕೈತೊಳೆದುಕೊಳ್ಳುವುದು ಸುಲಭವಿತ್ತು. ಆದರೆ ಕ್ಯಾಮೆರಾಗಳನ್ನೋ ಅತಿಥಿಗಳ ವೈಫೈಯನ್ನೋ ಬೇರೆ ಜಾಲದಲ್ಲಿಡಲು ಬಯಸುವವರಿಗೆ ಅದು ಸಾಲುವುದಿಲ್ಲ.

ವಿಳಾಸ ಯಾವ ಬಗೆಯದು ಎಂಬುದು ಅದರ ಆರಂಭದಲ್ಲೇ ತಿಳಿಯುತ್ತದೆ. ಪ್ರಯೋಗಕ್ಕೆ ಒಪ್ಪಿದ್ದ ಸದಸ್ಯರೊಬ್ಬರು, "ವಿಳಾಸ ಬಂದಿದೆ, ಆದರೂ ಐಪಿವಿ6 ಪರೀಕ್ಷೆ ವಿಫಲವಾಗುತ್ತಿದೆ" ಎಂದು ಫೋನ್ ತೋರಿಸಿದರು. ಪರದೆಯಲ್ಲಿದ್ದದ್ದು ಎಫ್‌ಇ80 ಎಂದು ಶುರುವಾಗುವ ವಿಳಾಸ ಮಾತ್ರ. ಅದನ್ನು ಉಪಕರಣ ತಾನೇ ಸೃಷ್ಟಿಸಿಕೊಳ್ಳುತ್ತದೆ. ನಮ್ಮ ತಂತಿ ಕಿತ್ತುಹೋಗಿದ್ದರೂ ಅದು ಇರುತ್ತದೆ, ರೂಟರ್ ದಾಟಿ ಆಚೆ ಹೋಗುವುದಿಲ್ಲ. ಹೊರಜಗತ್ತನ್ನು ತಲುಪಲು 2 ಅಥವಾ 3ರಿಂದ ಆರಂಭವಾಗುವ, 2000::/3 ವ್ಯಾಪ್ತಿಯ ವಿಳಾಸ ಬೇಕು. ಅವರ ರೂಟರಿನಲ್ಲಿ ಪ್ರಿಫಿಕ್ಸ್ ಕೋರುವ ಆಯ್ಕೆ ಆಫ್ ಆಗಿತ್ತು, ಆನ್ ಮಾಡಿದೊಡನೆ ಸರಿಹೋಯಿತು. ಎಫ್‌ಡಿ ಎಂದು ಶುರುವಾದರೆ ಅದು ನಿಮ್ಮ ಒಳಜಾಲದ ಖಾಸಗಿ ವಿಳಾಸ. ಎಫ್‌ಎಫ್ ಕಂಡರೆ ಅದು ಗುಂಪಿಗೆ ಕಳುಹಿಸುವ ಮಲ್ಟಿಕಾಸ್ಟ್ ವಿಳಾಸ.

ದಯವಿಟ್ಟು ಇದೊಂದನ್ನು ಮರೆಯಬೇಡಿ: ರೂಟರಿನ ಐಪಿವಿ6 ಫೈರ್‌ವಾಲ್ ಆನ್ ಆಗಿಯೇ ಇರಲಿ. ಹಂಚಿಕೆಯ ವಿಳಾಸದ ಹಿಂದೆ ನಿಮ್ಮ ಉಪಕರಣಗಳು ಹೊರಗಿನವರಿಗೆ ನೇರವಾಗಿ ಸಿಗುತ್ತಿರಲಿಲ್ಲ. ಈಗ ಪ್ರತಿಯೊಂದಕ್ಕೂ ಸ್ವಂತ ವಿಳಾಸವಿರುವುದರಿಂದ ಆ ಕಾವಲು ಫೈರ್‌ವಾಲಿನದೇ. ಹಾಗೆಂದು ಜಾಲದ ದೋಷ, ಸೂಚನೆಗಳನ್ನು ತಿಳಿಸುವ ಐಸಿಎಂಪಿವಿ6 ಸಂದೇಶಗಳನ್ನು ಪೂರ್ತಿ ತಡೆಯಬೇಡಿ. ತಡೆದರೆ ದತ್ತಾಂಶದ ದೊಡ್ಡ ಪ್ಯಾಕೆಟ್‌ಗಳು ದಾರಿಯಲ್ಲೇ ಬಿದ್ದುಹೋಗಿ ಪುಟಗಳು ಅರ್ಧಕ್ಕೇ ನಿಲ್ಲುತ್ತವೆ.

1ರಂದು ರೂಟರನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿ. 2 ಅಥವಾ 3ರಿಂದ ಶುರುವಾಗುವ ವಿಳಾಸ ಕಾಣದಿದ್ದರೆ ಕಚೇರಿಗೆ ಕರೆ ಮಾಡಿ, ಪರದೆಯಲ್ಲಿರುವ ವಿಳಾಸದ ಮೊದಲ ನಾಲ್ಕು ಅಕ್ಷರಗಳನ್ನು ಓದಿ ಹೇಳಿ.

ಇಂತಿ,
ಜಾಲ ನಿರ್ವಹಣಾ ವಿಭಾಗ