ಹೆಸರಿನ ಗೋಡೆ ನೆನೆಯುತ್ತಿದೆ: ಮಿರಗದ (ಮೃಗಶಿರಾ) ಮಳೆಗೆ ಮೊದಲು ಚಾವಣಿ ಹಾಕಲು ನಿಮ್ಮ ನೆರವು ಬೇಕು

ಅಂಗವಿಕಲ ಮಕ್ಕಳ ನಮ್ಮ ಶಾಲೆಯ ದಾನಿಗಳಿಗೆ, ಹಳೆಯ ಗೆಳೆಯರಿಗೆ, ಮಕ್ಕಳ ಅಪ್ಪ ಅಮ್ಮಂದಿರಿಗೆ ಶರಣು.

ಯುಗಾದಿ ಆಗಿ ಎರಡು ವಾರಕ್ಕೆ ಒಂದು ಸಂಜೆ ಗಾಳಿಮಳೆ ಬಂತು. ಬಂದಿದ್ದು ಮುಕ್ಕಾಲು ಗಂಟೆ ಅಷ್ಟೇ. ಪ್ರಾರ್ಥನಾ ಕೋಣೆಯ ಮೇಲಿನ ನಾಲ್ಕು ತಗಡು ಕಿತ್ತುಕೊಂಡು ಹೋಗಿ ಪಕ್ಕದ ಹೊಲದ ಜಾಲಿ ಮುಳ್ಳಿನಲ್ಲಿ ಬಿದ್ದಿದ್ದವು. ಮಕ್ಕಳು ಅಷ್ಟೊತ್ತಿಗೆ ಮನೆಗೆ ಹೋಗಿದ್ದರು. ಆ ಶಿವನ ದಯೆ. ಮರುದಿನ ಬೆಳಿಗ್ಗೆ ಬೀಗ ತೆಗೆದಾಗ ನೆಲದ ಮೇಲೆ ಹಿಮ್ಮಡಿ ಮುಳುಗುವಷ್ಟು ನೀರಿತ್ತು. ನೆಲ ಒರೆಸಿದರೆ ಒಣಗುತ್ತದೆ. ನಾವೆಲ್ಲ ಬಾಗಿಲಲ್ಲೇ ನಿಂತುಬಿಟ್ಟಿದ್ದು ಗೋಡೆ ನೋಡಿ.

ಆ ಗೋಡೆ ನಿಮಗೆ ಗೊತ್ತು. ಬಂದವರೆಲ್ಲ ಅದರ ಮುಂದೆ ಕೈ ಮುಗಿದು ಹೋಗಿದ್ದೀರಿ. ನಮ್ಮನ್ನು ಬಿಟ್ಟು ತೀರಿಹೋದ ಇಪ್ಪತ್ತಮೂರು ಮಕ್ಕಳ ಹೆಸರು ಅಲ್ಲಿವೆ. ಅದರಲ್ಲಿ ಒಂಬತ್ತು ಹೆಸರಿನ ಬಣ್ಣ ನೀರಿನ ಜೊತೆ ಇಳಿದುಹೋಗಿದೆ. ಕೆಳಗಿನ ಸಾಲಿನಲ್ಲಿ ನನ್ನ ಮಗನ ಹೆಸರೂ ಇತ್ತು. ಈಗ ಮೊದಲ ಅಕ್ಷರ ಮಾತ್ರ ಉಳಿದಿದೆ.

ಟ್ರಸ್ಟಿಗಳೆಲ್ಲ ಸೇರಿ ಈ ಮನವಿ ಬರೆಯಲು ನನಗೇ ಹೇಳಿದರು. ಲೆಕ್ಕ ಪತ್ರ ನನಗೆ ಅಷ್ಟು ಬರುವುದಿಲ್ಲ. ಆದರೆ ಈ ಕೋಣೆ ಯಾಕೆ ಬೇಕು ಅನ್ನೋದು ನನಗೆ ಚೆನ್ನಾಗಿ ಗೊತ್ತು.

2009ರ ನೆರೆ ನಿಮಗೆಲ್ಲ ನೆನಪಿರಬೇಕು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಊರಿಗೆ ಊರೇ ನೀರಲ್ಲಿ ನಿಂತಿದ್ದ ವರ್ಷ ಅದು. ಆ ನೆರೆಯಲ್ಲಿ ಎದ್ದು ಓಡಲಾಗದ ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಂದದ್ದನ್ನು ನೋಡಿದ ಮೇಲೆಯೇ ನಮ್ಮ ಮೇಷ್ಟ್ರು ಈ ಶಾಲೆ ಶುರು ಮಾಡಿದ್ದು. ಒಂದು ಗೋದಾಮು, ಆರು ಮಕ್ಕಳು, ಒಂದು ಚಾಪೆ. ಈಗ ನಲವತ್ತೊಂದು ಮಕ್ಕಳಿದ್ದಾರೆ. ನಮ್ಮ ಹುಡುಗನೊಬ್ಬ ಬರೆಯುವವರ ಸಹಾಯ ತಗೊಂಡು ಎಸ್ಸೆಸ್ಸೆಲ್ಸಿ ಪಾಸಾದ. ಒಬ್ಬ ಹುಡುಗಿ ಗಂಗಾವತಿಯಲ್ಲಿ ಜೆರಾಕ್ಸ್ ಅಂಗಡಿ ನಡೆಸುತ್ತಾಳೆ. ಬಾಡಿಗೆ ಕಟ್ಟಿ, ಮನೆಗೂ ಕೊಡುತ್ತಾಳೆ. 1995ರ ಕಾನೂನಿನಲ್ಲಿ ಏಳು ಬಗೆಯ ಅಂಗವಿಕಲತೆ ಮಾತ್ರ ಇದ್ದವು. 2016ರ ಹೊಸ ಕಾನೂನಿನಲ್ಲಿ 21 ಆದವು. ಆ ಸುದ್ದಿ ಬಂದ ಮೇಲೆ ನಮ್ಮ ಟೀಚರುಗಳು ಬಿಸಿಲಲ್ಲಿ ಊರೂರು ತಿರುಗಿದರು. ಸರ್ಟಿಫಿಕೇಟೇ ಇಲ್ಲದ ಮಕ್ಕಳನ್ನು ಹುಡುಕಿ ಕಾರ್ಡ್ ಮಾಡಿಸಿದರು. ವರ್ಷಕ್ಕೆ ಒಂದು ಲಕ್ಷದವರೆಗೆ ಚಿಕಿತ್ಸೆ ಖರ್ಚು ಸಿಗುವ ನಿರಾಮಯ ವಿಮೆಗೆ ಹೆಸರು ಬರೆಸಿದರು. ಇಷ್ಟೇ ಅಲ್ಲ. ಗವಿಮಠದ ಜಾತ್ರೆಯ ದಾಸೋಹಕ್ಕೆ ಪ್ರತಿ ವರ್ಷ ನಮ್ಮ ತಾಯಂದಿರು ಜೋಳದ ರೊಟ್ಟಿ ಬಡಿದು ಕಳಿಸುತ್ತಾರೆ. ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರುಗಟ್ಟಲೆ ರೊಟ್ಟಿ ಹೋಗುವಾಗ ನಮ್ಮದೂ ಎರಡು ಬುಟ್ಟಿ ಹೋಗುತ್ತವೆ. ಬುಟ್ಟಿಗೆ ಹೂವು ಕಟ್ಟುವುದು ಮಕ್ಕಳೇ. ಆ ದಿನ ಅವರ ಮುಖ ನೀವು ನೋಡಬೇಕು.

ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಕೋಣೆಯ ವಿಷಯಕ್ಕೆ ಬರುತ್ತೇನೆ.

ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ ಇತ್ತು. ಒಂದೂವರೆ ವರ್ಷದವನಿದ್ದಾಗ ಇಲ್ಲಿಗೆ ಕರೆತಂದೆ. ಕತ್ತು ನಿಲ್ಲುತ್ತಿರಲಿಲ್ಲ. ಕಾಲು ಕಟ್ಟಿಗೆಯ ಹಾಗೆ ಬಿಗಿದುಕೊಳ್ಳುತ್ತಿದ್ದವು. ಹುಲಿಗೆಮ್ಮನಿಗೆ ಹರಕೆ ಹೊತ್ತೆ. ಅಲ್ಲಿ ಇಲ್ಲಿ ಯಾರು ಯಾವ ದೇವರು ಹೇಳಿದರೂ ಹೋದೆ. ಊಟ ಮಾಡಿಸುವುದನ್ನು ನನಗೆ ಕಲಿಸಿದ್ದು ಈ ಶಾಲೆ. ಮಲಗಿಸಿ ಕುಡಿಸಬಾರದು, ನೆಟ್ಟಗೆ ಕೂರಿಸಬೇಕು. ಗಲ್ಲ ಸ್ವಲ್ಪ ಕೆಳಗಿರಬೇಕು. ನೀರಿನಂಥದ್ದು ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗುತ್ತದೆ, ಅದಕ್ಕೆ ಅಂಬಲಿ ಗಟ್ಟಿ ಇರಬೇಕು. ಉಂಡ ಮೇಲೂ ಅರ್ಧ ಗಂಟೆ ಕೂತೇ ಇರಬೇಕು. ಒಂದು ಬಟ್ಟಲು ಅಂಬಲಿಗೆ ನನಗೆ ಒಂದು ಗಂಟೆ ಹಿಡಿಯುತ್ತಿತ್ತು. ಅದು ನನಗೆ ಭಾರ ಅನಿಸಲೇ ಇಲ್ಲ. ನಾವಿಬ್ಬರೂ ಮಾತಾಡುತ್ತಿದ್ದದ್ದು ಆ ಹೊತ್ತಿನಲ್ಲೇ. ಅವನು ಕಣ್ಣಲ್ಲಿ, ನಾನು ಬಾಯಲ್ಲಿ.

ಕಿನ್ನಾಳದಿಂದ ಅವನ ಅಪ್ಪ ಒಂದು ಕಟ್ಟಿಗೆಯ ಬಸವಣ್ಣನ ಗೊಂಬೆ ತಂದಿದ್ದರು. ಕೆಂಪು, ಹಳದಿ ಬಣ್ಣದ್ದು. ಅವನ ಕೈಗೆ ಅದನ್ನು ಹಿಡಿಯೋಕೆ ಬರುತ್ತಿರಲಿಲ್ಲ. ಕುರ್ಚಿಗೇ ದಾರದಲ್ಲಿ ಕಟ್ಟಿದ್ದೆವು. ದಿನವೆಲ್ಲ ಅದನ್ನೇ ನೋಡುತ್ತಿದ್ದ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ನನ್ನ ಮಗ ಹೋಗಿದ್ದು ಅದೇ ವಾರ. ನ್ಯುಮೋನಿಯಾ. ಹನ್ನೊಂದು ವರ್ಷ ಅವನಿಗೆ. ಮಾತಾಡಿಸಲು ಬಂದವರು ಎರಡು ಮಾತು ಆಡಿ ಡ್ಯಾಮಿನ ನೀರಿನ ವಿಷಯಕ್ಕೆ ಹೋಗಿಬಿಡುತ್ತಿದ್ದರು. ಅವರದ್ದು ತಪ್ಪು ಅನ್ನೋದಿಲ್ಲ. ಎಷ್ಟೋ ಜನರ ಬೆಳೆ ಆ ನೀರಿನ ಮೇಲಿತ್ತು. ಆದರೆ ಏಳುವಾಗ ಎಲ್ಲರೂ ಒಂದೇ ಮಾತು ಹೇಳಿದರು. ‘ಒಳ್ಳೇದಾತು ಬಿಡವ್ವ. ಅವನಿಗೂ ಬಿಡುಗಡಿ ಆತು, ನಿನಗೂ ಆತು.’ ಒಬ್ಬರಂತೂ, ಹೋದ ಜನ್ಮದ್ದು ತೀರಿತು ಅಂದರು.

ಅಂಗವಿಕಲ ಮಗುವನ್ನು ಕಳಕೊಂಡ ತಾಯಿಯ ಹತ್ತಿರ ಹೋಗಿ ಕೇಳಿ. ಈ ಮಾತು ಕೇಳದವಳು ಒಬ್ಬಳೂ ಸಿಗುವುದಿಲ್ಲ. ಓಡಾಡುವ ಮಗು ಹೋದರೆ ಊರೇ ಅಳುತ್ತದೆ. ನಮ್ಮ ಮಗು ಹೋದರೆ ನಮಗೆ ಅಳೋಕೂ ಬಿಡುವುದಿಲ್ಲ.

ಹೊಲದಲ್ಲಿ ಮಣ್ಣು ಮಾಡಿದೆವು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವುದು ಪದ್ಧತಿ. ಕಾಲು ಮಡಚಲು ಬಾರದ ಹುಡುಗನನ್ನು ಹೇಗೆ ಕೂರಿಸುವುದು ಅಂತ ಹಿರಿಯರು ಯೋಚನೆಗೆ ಬಿದ್ದರು. ಮಲಗಿಸಿಬಿಡೋಣ ಅಂದರು ಕೆಲವರು. ನನ್ನ ಗಂಡ ತಾವೇ ಗುಂಡಿಗೆ ಇಳಿದರು. ಹನ್ನೊಂದು ವರ್ಷ ಅವನನ್ನು ದಿನಾ ಕೂರಿಸಿದ್ದು ಅವರೇ. ಮೊಣಕಾಲು ಹಿಡಿದು ಎಳೆಯಬಾರದು, ಮೊದಲು ಸೊಂಟ ನಿಧಾನ ಮಡಚಬೇಕು, ಆಮೇಲೆ ಮೊಣಕಾಲು ತಾನಾಗಿ ಬರುತ್ತದೆ. ಈ ಶಾಲೆಯಲ್ಲಿ ಕಲಿತದ್ದು ಅದು. ಮಗನನ್ನು ಹಾಗೇ ಕೂರಿಸಿ ಮೇಲೆ ಬಂದರು. ಆಸರೆ ಇಲ್ಲದೆ ಒಂದು ದಿನವೂ ಕೂತವನಲ್ಲ ನನ್ನ ಮಗ.

ಆಮೇಲೆ ನಾನು ದೇವರ ಕೋಣೆಯ ದೀಪ ಹಚ್ಚುವುದು ಬಿಟ್ಟೆ. ರಾತ್ರಿ ಎರಡು ತಾಸಿಗೊಮ್ಮೆ ಎಚ್ಚರ ಆಗುತ್ತಿತ್ತು. ಬೆನ್ನು ಹುಣ್ಣಾಗಬಾರದು ಅಂತ ಅವನನ್ನು ಮಗ್ಗುಲು ಬದಲಿಸುವ ಹೊತ್ತು ಅದು. ಎದ್ದು ಕೂರುತ್ತಿದ್ದೆ. ಹೊರಳಿಸಲು ಯಾರೂ ಇರುತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಅವನ ಕುರ್ಚಿ ಬೇರೆ ಮಗುವಿಗೆ ಕೊಡೋಣ ಅಂತ ಶಾಲೆಗೆ ಬಂದೆ. ಅವತ್ತು ಅಮಾವಾಸ್ಯೆ ಅನ್ನೋದೂ ನನಗೆ ನೆನಪಿರಲಿಲ್ಲ. ಪ್ರಾರ್ಥನಾ ಕೋಣೆಯಲ್ಲಿ ಐದಾರು ಜನ ಕೂತಿದ್ದರು. ಹತ್ತು ವರ್ಷ ಆ ಕೋಣೆಯ ಮುಂದೆ ದಿನಾ ಹಾದು ಹೋಗಿದ್ದೆ. ಗೋಡೆ ಕಡೆ ಮಾತ್ರ ನೋಡುತ್ತಿರಲಿಲ್ಲ. ಮಗನ ಕುರ್ಚಿ ತಳ್ಳಿಕೊಂಡು ಬೇಗ ಬೇಗ ದಾಟಿಬಿಡುತ್ತಿದ್ದೆ. ಆ ಗೋಡೆ ನಮ್ಮದಲ್ಲ ಅಂದುಕೊಂಡಿದ್ದೆ.

ಒಳಗಿಂದ ಒಬ್ಬ ಅಜ್ಜಿ ಕೈ ಹಿಡಿದು ಕೂರಿಸಿಕೊಂಡರು. ನಲವತ್ತು ವರ್ಷದ ಹಿಂದೆ ಅವರ ಮಗಳು ತೀರಿಕೊಂಡಿದ್ದಳು. ಕಣ್ಣೂ ಇರಲಿಲ್ಲ, ಕಿವಿಯೂ ಇರಲಿಲ್ಲ ಆ ಹುಡುಗಿಗೆ. ಈ ಗೋಡೆಯ ಮೊದಲ ಹೆಸರು ಅವಳದೇ. ಅವಳು ನಮ್ಮ ಶಾಲೆ ನೋಡಿದವಳಲ್ಲ. ಆದರೂ ಅಜ್ಜಿ ಕೇಳಿಕೊಂಡಾಗ ಮೇಷ್ಟ್ರು ಬರೆಸಿದರು. ಅಜ್ಜಿ ನನಗೆ ಸಮಾಧಾನ ಹೇಳಲಿಲ್ಲ. ‘ನಿನ್ನ ಮಗನ ಹೆಸರೇನವ್ವ? ಏನು ಉಣ್ಣಾಕ ಇಷ್ಟ ಅವಂಗ?’ ಅಂತ ಕೇಳಿದರು. ಅಷ್ಟು ದಿನದಲ್ಲಿ ಅವನ ಹೆಸರು ಕೇಳಿದ್ದು ಅವರೊಬ್ಬರೇ. ನಾನು ಹೆಸರು ಹೇಳಿದೆ. ಬೆಲ್ಲ ಹಾಕಿದ ಅಂಬಲಿ ಅಂದೆ. ಆಮೇಲೆ ಅಳು ಬಂತು. ಯಾರೂ ಸುಮ್ಮನಿರು ಅನ್ನಲಿಲ್ಲ. ಅಜ್ಜಿ ದೀಪಕ್ಕೆ ಎಣ್ಣೆ ಹಾಕುತ್ತಾ ಕೂತರು.

ದೇವರು ಯಾಕೆ ಕೊಟ್ಟ, ಯಾಕೆ ತಗೊಂಡ ಅನ್ನೋದಕ್ಕೆ ನನಗೆ ಉತ್ತರ ಸಿಕ್ಕಿಲ್ಲ. ಆದರೆ ಆ ರಾತ್ರಿ ಮನೆಗೆ ಹೋಗಿ ದೀಪ ಹಚ್ಚಿದೆ. ಪಾಪ, ಕರ್ಮ ಅನ್ನೋ ಮಾತನ್ನು ಮನಸ್ಸಿನಿಂದ ತೆಗೆದು ಹಾಕಿದೆ. ಶಿವ ನನ್ನ ಮಗನನ್ನು ಶಿಕ್ಷೆ ಅಂತ ಕೊಟ್ಟಿರಲಿಲ್ಲ. ಮಗ ಅಂತಲೇ ಕೊಟ್ಟಿದ್ದ. ಇದು ನನಗೆ ಈಗ ಖಾತ್ರಿ. ಮುಂದಿನ ವಾರದಿಂದ ಶಾಲೆಗೆ ಬರಲು ಶುರು ಮಾಡಿದೆ. ಮಧ್ಯಾಹ್ನ ಮೂರು ಮಕ್ಕಳಿಗೆ ಊಟ ಮಾಡಿಸುತ್ತೇನೆ. ಈ ಕೈಗೆ ಆ ಕೆಲಸ ಗೊತ್ತು, ಅಲ್ವಾ?

ಪ್ರತಿ ಅಮಾವಾಸ್ಯೆಗೆ ಈಗ ಹದಿನೈದು ಇಪ್ಪತ್ತು ಜನ ಬರುತ್ತಾರೆ. ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುವ ಅಣ್ಣ ಒಬ್ಬರಿದ್ದಾರೆ. ಇಲ್ಲಿವರೆಗೂ ಅವರು ಒಂದು ಮಾತೂ ಆಡಿಲ್ಲ. ಎಲ್ಲರಿಗಿಂತ ಮೊದಲು ಬಂದು ಕೋಣೆ ಗುಡಿಸುತ್ತಾರೆ, ಮಗಳ ಹೆಸರಿನ ಕೆಳಗೆ ಕೂರುತ್ತಾರೆ, ಹೋಗುತ್ತಾರೆ. ಮುದಗಲ್ ಕಡೆಯ ಅಕ್ಕ ಒಬ್ಬರು ಮೊಹರಂ ತಿಂಗಳಲ್ಲಿ ಚೊಂಗೆ ಮಾಡಿ ತರುತ್ತಾರೆ. ಅಲಾಯಿ ಹಲಗೆ ಸದ್ದು ಕೇಳಿದರೆ ಅವರ ಮಗ ನಗುತ್ತಿದ್ದನಂತೆ. ಅವರು ದುವಾ ಮಾಡುತ್ತಾರೆ, ನಾವು ಭಜನೆ ಮಾಡುತ್ತೇವೆ. ಕೊನೆಗೆ ಎಲ್ಲ ಹೆಸರನ್ನೂ ಓದುತ್ತೇವೆ. ಇಪ್ಪತ್ತಮೂರನ್ನೂ. ಇಷ್ಟೇ ನಮ್ಮ ಪೂಜೆ.

ಗಾಳಿಮಳೆ ಆದ ಮೇಲಿನ ಅಮಾವಾಸ್ಯೆಗೆ ಪ್ಲಾಸ್ಟಿಕ್ ತಾಡಪಾಲು ಕಟ್ಟಿಕೊಂಡು ಕೂತೆವು. ಹಮಾಲಿ ಅಣ್ಣ ಗುಡಿಸಲು ಬಂದವರು ಗೋಡೆ ನೋಡಿ ಪೊರಕೆ ಹಿಡಿದೇ ನಿಂತಿದ್ದರು. ಅವರ ಮಗಳ ಹೆಸರು ಪೂರ್ತಿ ಹೋಗಿದೆ.

ಈಗ ಖರ್ಚಿನ ಮಾತು. ಮತ್ತೆ ತಗಡನ್ನೇ ಹಾಕಿದರೆ ಸುಮಾರು ಒಂದೂವರೆ ಲಕ್ಷದಲ್ಲಿ ಮುಗಿಯುತ್ತದೆ. ಬೇಡ ಅಂತ ತೀರ್ಮಾನ ಮಾಡಿದ್ದೇವೆ. ನಮ್ಮ ಕಡೆ ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವುದು ಮಾಮೂಲು. ತಗಡಿನ ಕೆಳಗೆ ಮಧ್ಯಾಹ್ನ ಕೂರೋಕೆ ಆಗುವುದಿಲ್ಲ. ಬೆಳಗಿನ ಹೊತ್ತು ಅದೇ ಕೋಣೆಯಲ್ಲಿ ಚಿಕ್ಕ ಮಕ್ಕಳಿಗೆ ವ್ಯಾಯಾಮ ಮಾಡಿಸುತ್ತೇವೆ. ಮೈ ಬಿಸಿಯಾದರೆ ಫಿಟ್ಸ್ ಬರುವ ಮಕ್ಕಳಿದ್ದಾರೆ. ಅದಕ್ಕೆ ಆರ್‌ಸಿಸಿ ಸ್ಲ್ಯಾಬೇ ಹಾಕಬೇಕು. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದ. ಒಂದು ಕಡೆ ಗೋಡೆಯನ್ನೂ ಗಟ್ಟಿ ಮಾಡಬೇಕು. ಮೇಸ್ತ್ರಿ ಹೇಳಿದ ಪ್ರಕಾರ ಆರು ಲಕ್ಷದ ಆಸುಪಾಸು ಆಗುತ್ತದೆ. ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು. ನಮ್ಮ ಕೈಯಲ್ಲಿ ಒಂದು ಲಕ್ಷ ಎಂಬತ್ತು ಸಾವಿರ ಇದೆ. ಅದರಲ್ಲಿ ತಾಯಂದಿರ ಸಂಘದವರು ಕೊಟ್ಟದ್ದೂ ಸೇರಿದೆ. ದಿನಗೂಲಿ ಮಾಡುವವರು ಅವರು. ಬೇಡ ಅಂದರೂ ಕೇಳಲಿಲ್ಲ.

ಮಿರಗ ಕೂಡುವುದು ಜೂನ್ ಮೊದಲ ವಾರ ಕಳೆದ ಮೇಲೆ. ಅಷ್ಟರೊಳಗೆ ಸ್ಲ್ಯಾಬ್ ಬಿದ್ದು, ನೀರು ಕುಡಿದು, ಇಪ್ಪತ್ತೊಂದು ದಿನ ಆದ ಮೇಲೆ ಸೆಂಟ್ರಿಂಗ್ ಬಿಚ್ಚಬೇಕು. ಅಂದರೆ ಮೇ 15ರೊಳಗೆ ಕಾಂಕ್ರೀಟ್ ಹಾಕಲೇಬೇಕು. ಸಿಮೆಂಟು, ಕಬ್ಬಿಣಕ್ಕೆ ಮುಂಗಡ ಏಪ್ರಿಲ್ ಮುಗಿಯುವುದರೊಳಗೆ ಕೊಡಬೇಕು. ಬಸವ ಜಯಂತಿ ದಿನ ಕೆಲಸಕ್ಕೆ ಕೈ ಹಚ್ಚುತ್ತೇವೆ. ದುಡ್ಡು ಪೂರ್ತಿ ಬರಲಿ ಅಂತ ಕಾಯುತ್ತಾ ಕೂತರೆ ಉಳಿದ ಹದಿನಾಲ್ಕು ಹೆಸರೂ ಹೋಗುತ್ತವೆ.

ಒಂದು ಚೀಲ ಸಿಮೆಂಟಿಗೆ ನಾನೂರು ರೂಪಾಯಿ ಆಸುಪಾಸು. ಒಂದು ಚೀಲ ಕೊಟ್ಟರೂ ಬಂತು, ಹತ್ತು ಕೊಟ್ಟರೂ ಬಂತು. ಕಬ್ಬಿಣ, ಜಲ್ಲಿ, ಮರಳು ಕೊಡಿಸುವವರಿದ್ದರೆ ಮೇಸ್ತ್ರಿ ಜೊತೆ ಮಾತಾಡಿಸುತ್ತೇವೆ. ಸುಗ್ಗಿಗೆ ಭತ್ತ ಕೊಡುವ ರೈತರು ಈ ಸಲ ಅದನ್ನು ದುಡ್ಡಾಗಿ ಕೊಟ್ಟರೂ ಆಗುತ್ತದೆ. ದುಡ್ಡು ಕೊಡಲಾಗದವರು ಸ್ಲ್ಯಾಬ್ ಹಾಕುವ ದಿನ ಬನ್ನಿ, ಬುಟ್ಟಿ ಹೊರುವ ಕೈ ಜಾಸ್ತಿ ಬೇಕು. ಅವತ್ತು ಊಟ ನಮ್ಮದು. ಹಣವನ್ನು ಟ್ರಸ್ಟಿನ ಬ್ಯಾಂಕ್ ಖಾತೆಗೇ ಹಾಕಿ, ಯಾರ ಕೈಗೂ ಕೊಡಬೇಡಿ. ಖಾತೆಯ ವಿವರ ನಿಮ್ಮ ಹಳೆಯ ರಸೀದಿಯ ಹಿಂದೆ ಇದೆ. ತೆರಿಗೆ ವಿನಾಯಿತಿ ರಸೀದಿ ಬೇಕಾದವರು ಪಾನ್ ನಂಬರ್ ತಿಳಿಸಿ. ಎರಡು ಸಾವಿರ ದಾಟಿದ ನಗದಿಗೆ ವಿನಾಯಿತಿ ಸಿಗುವುದಿಲ್ಲ ಅನ್ನೋದು ಗಮನದಲ್ಲಿರಲಿ. ಕೆಲಸ ಮುಗಿದ ಮೇಲೆ ಪೂರ್ತಿ ಲೆಕ್ಕವನ್ನು ಕಚೇರಿ ಬಾಗಿಲಿಗೆ ಅಂಟಿಸುತ್ತೇವೆ, ಪ್ರತಿ ಸಲದ ಹಾಗೆ.

ನಿಮ್ಮ ಮನೆಯಲ್ಲೂ ಇಂಥ ಒಂದು ಮಗು ಇದ್ದು ಹೋಗಿದ್ದರೆ, ಆ ಹೆಸರನ್ನೂ ನಮಗೆ ತಿಳಿಸಿ. ಅದಕ್ಕೆ ದೇಣಿಗೆ ಬೇಕಾಗಿಲ್ಲ. ಎಷ್ಟು ವರ್ಷದ ಹಿಂದಿನದಾದರೂ ಸರಿ. ಅಜ್ಜಿಯ ಮಗಳ ಪಕ್ಕ ಜಾಗ ಇದೆ.

ಹೆಸರು ಬರೆಯಲು ಕಿನ್ನಾಳದಿಂದ ಗೊಂಬೆಗೆ ಬಣ್ಣ ಹಚ್ಚುವ ಅಣ್ಣ ಒಬ್ಬರು ಒಪ್ಪಿದ್ದಾರೆ. ಕೂಲಿ ಬೇಡ ಅಂದಿದ್ದಾರೆ. ಹಸಿ ಗೋಡೆಗೆ ಬಣ್ಣ ನಿಲ್ಲುವುದಿಲ್ಲ, ಚಾವಣಿ ಆಗಿ ಗೋಡೆ ಪೂರ್ತಿ ಒಣಗಿದ ಮೇಲೆ ಕರೆಯಿರಿ ಅಂತ ಹೇಳಿ ಹೋಗಿದ್ದಾರೆ.