ಕಿಟಕಿಯ ಎದುರು ಏನಿದೆ, ಅದನ್ನೂ ನೋಡಿ

ಮಾನ್ಯರೆ,

ಬೆಂಗಳೂರಿನ ಕಟ್ಟಡ ನಿಯಮಗಳ ಚರ್ಚೆಯೆಲ್ಲ ಎಷ್ಟು ಮಹಡಿ, ಎಷ್ಟು ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ), ಎಷ್ಟು ಪಾರ್ಕಿಂಗ್ ಎನ್ನುವುದರಲ್ಲೇ ಮುಗಿಯುತ್ತದೆ. ಒಳಗೆ ಇರುವವರ ಗಾಳಿ, ಬೆಳಕಿನ ಮಾತು ಬರುವುದೇ ಇಲ್ಲ.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. 30x40 ಸೈಟಿನ ನಾಲ್ಕು ಮಹಡಿ ಕಟ್ಟಡದಲ್ಲಿ, ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಕಿಟಕಿಯೇನೋ ಇದೆ, ತೆರೆದರೆ ಪಕ್ಕದ ಕಟ್ಟಡದ ಗೋಡೆ. ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟ್ ಹಾಕದೆ ಕಪ್ಪು ದಾರ ಯಾವುದು, ನೇವಿ ಬ್ಲೂ ಯಾವುದು ತಿಳಿಯದು. ಡಕ್ಟ್ ಎಂಬ ಕಿಂಡಿಯಲ್ಲಿ ಕೆಳಗಿನ ಮನೆಯ ಒಗ್ಗರಣೆ ಘಾಟು ಮೇಲೆ ಬಂದು ಗಿರಾಕಿಗಳ ರೇಷ್ಮೆ ಬ್ಲೌಸಿಗೆ ಅಂಟುತ್ತದೆ. (ಬೈಸಿಕೊಳ್ಳುವವಳು ನಾನು!)

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಕೋಣೆಯ ಎತ್ತರ ಕನಿಷ್ಠ 2.75 ಮೀಟರ್ ಎಂದಿದೆ, ಕಿಟಕಿಗೂ ನೆಲದ ವಿಸ್ತೀರ್ಣಕ್ಕೆ ತಕ್ಕ ಅಳತೆ ಇದೆ. ಕಿಟಕಿಗೆ ಅಡ್ಡಲಾಗಿ ಗೋಡೆ ಎದ್ದ ಮೇಲೆ ಆ ಅಳತೆಯಿಂದ ಏನು ಬಂತು? ಸಿಡ್ನಿಯಲ್ಲಿರುವ ಅಕ್ಕನ ಮಗ ಅಲ್ಲಿನ ಅಪಾರ್ಟ್‌ಮೆಂಟ್ ವಿನ್ಯಾಸ ಮಾರ್ಗಸೂಚಿಯ ಬಗ್ಗೆ ಹೇಳಿದ: ಕಟ್ಟಡದ ಶೇ 70ರಷ್ಟು ಮನೆಗಳಿಗಾದರೂ ನಡುಚಳಿಗಾಲದಲ್ಲಿ ದಿನಕ್ಕೆ ಎರಡು ಗಂಟೆ ನೇರ ಬಿಸಿಲು ಬೀಳಬೇಕಂತೆ. ಅದನ್ನು ಹಾಗೇ ಇಲ್ಲಿಗೆ ತನ್ನಿ ಎನ್ನಲಾರೆ, ನಮ್ಮ ಸೈಟುಗಳೇ ಬೇರೆ.

ಮಹಡಿ ಕಡಿಮೆ ಮಾಡಿ ಎಂದೂ ಹೇಳುತ್ತಿಲ್ಲ. ನಮ್ಮಂಥವರ ಕೈಗೆಟುಕುವ ಬಾಡಿಗೆ ಇಂಥ ಕಟ್ಟಡಗಳಲ್ಲೇ ಇರುವುದು. ಆದರೆ ನಕ್ಷೆ ಮಂಜೂರು ಮಾಡುವಾಗ ಪ್ರತಿ ಕಿಟಕಿಯಿಂದ ಎದುರು ಗೋಡೆಗೆ ಎಷ್ಟು ಅಡಿ ಎಂದು ಬರೆಸಲಿ. ಒ.ಸಿ. (ಕಟ್ಟಡದಲ್ಲಿ ವಾಸಕ್ಕೆ ಅನುಮತಿ ಪತ್ರ) ಕೊಡುವ ಮುನ್ನ ಎಂಜಿನಿಯರ್ ಹಗಲಲ್ಲಿ ಬಂದು, ಲೈಟ್ ಆರಿಸಿ ನೋಡಲಿ.

– ಒಬ್ಬ ಬಾಡಿಗೆದಾರಳು, ಬೆಂಗಳೂರು