ಅಜ್ಜಯ್ಯನ ಕೋವಿಗೆ ಪಾಲಿಶ್ ಬೇಡ ಅಪ್ಪ

ಹಾರ್ಟ್‌ಫರ್ಡ್, ಕನೆಕ್ಟಿಕಟ್

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಮೂಡಿಗೆರೆ ಕಡೆ ಮಳೆ ಇನ್ನೂ ಬಿಟ್ಟಿಲ್ಲ ಅಂತ ಅಮ್ಮ ಹೇಳಿದರು. ಕಾಫಿ ಕಾಯಿ ಜಾಸ್ತಿ ಉದುರಿತಾ?

ಅಪ್ಪ, ಆಯುಧಪೂಜೆಗೆ ಹೊಳೆಯಲಿ ಅಂತ ಅಜ್ಜಯ್ಯನ ಜೋಡಿ ನಳಿಗೆ ಕೋವಿಯನ್ನು ಉಜ್ಜಿಸಿ ಪಾಲಿಶ್ ಹಾಕಿಸುತ್ತೇನೆ ಅಂದಿರಲ್ಲ, ದಯವಿಟ್ಟು ಬೇಡ.

ಕಳೆದ ಭಾನುವಾರ ಪಕ್ಕದ ಮನೆಯ ಹಿರಿಯರು ತಾವು ಕೂಡಿಟ್ಟ ಪಿಸ್ತೂಲುಗಳನ್ನು ತೋರಿಸಿದರು. ಪಿಸ್ತೂಲು ಮಾಡುವ ಕೋಲ್ಟ್ ಈ ಊರಿನದೇ ಕಂಪನಿ. ಹಳೇ ಕಾರ್ಖಾನೆಯ ನೀಲಿ ಗುಮ್ಮಟ ಈಗಲೂ ಇದೆ. ಜಾನ್ ಬ್ರೌನಿಂಗ್ ರೂಪಿಸಿದ ಕೋಲ್ಟ್ ಪಿಸ್ತೂಲನ್ನು ಅಮೆರಿಕದ ಸೈನ್ಯ 1911ರಲ್ಲಿ ಒಪ್ಪಿಕೊಂಡಿತು. ಮೊದಲ ಮಹಾಯುದ್ಧಕ್ಕೆ 50 ವರ್ಷವಾದ ನೆನಪಿಗೆ 1967ರಿಂದ 1969ರೊಳಗೆ ಕೋಲ್ಟ್‌ನವರು ಅದನ್ನೇ ಆ ಯುದ್ಧದ ನಾಲ್ಕು ಕದನಗಳ ಹೆಸರಿನಲ್ಲಿ ಹೊರತಂದರು. ಒಂದೊಂದು ಹೆಸರಿಗೆ ಸುಮಾರು 7,400 ಮಾತ್ರ. ಈ ಹಿರಿಯರ ಹತ್ತಿರ ಇರುವುದು ಬೆಲ್ಲೋ ವುಡ್ ಕದನದ ಹೆಸರಿನದು. ಒಂದು ಗುಂಡೂ ಹಾರಿಸಿಲ್ಲ, ಪೆಟ್ಟಿಗೆ ಸಮೇತ ಇದೆ. ಬೆವರು ತಾಗಿದರೆ ತುಕ್ಕು ಅಂತ ಕೈಗೆ ಬಟ್ಟೆಯ ಗವಸು ಹಾಕಿಕೊಂಡೇ ಮುಟ್ಟಿದರು.

ಪಕ್ಕದಲ್ಲೇ ಯುದ್ಧದ ಕಾಲದ ನಿಜವಾದ ಪಿಸ್ತೂಲೊಂದಿತ್ತು. ಹಿಂದಿನ ಯಜಮಾನ ಅದಕ್ಕೆ ಪಾಲಿಶ್ ಹಾಕಿಸಿದ್ದನಂತೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆದರೆ ಕೆತ್ತಿದ ಅಕ್ಷರಗಳು ಸವೆದು ಅರ್ಧ ಓದೋಕೇ ಆಗಲಿಲ್ಲ. ಇದನ್ನು ಮತ್ತೆ ತರೋಕಾಗಲ್ಲ ಅಂದರು. ನನಗೆ ತಕ್ಷಣ ನಮ್ಮ ಕೋವಿ ನೆನಪಾಯಿತು.

ನಳಿಗೆಯ ಮೇಲೆ ಹೆಸರು, ನಂಬರು ಇದೆಯಲ್ವಾ? ಹಂದಿ ಕಾಯುವ ರಾತ್ರಿಗಳಲ್ಲಿ ಅಜ್ಜಯ್ಯ ಹಿಡಿದೂ ಹಿಡಿದೂ ಮರದ ಹಿಡಿ ನುಣುಪಾದ ಜಾಗವಿದೆ. ಅದೆಲ್ಲ ಹಾಗೇ ಇರಲಿ. ಒಣ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಕೋವಿ ಎಣ್ಣೆ ಹಚ್ಚಿದರೆ ಸಾಕು. ಮಳೆಗಾಲ ಪೂರ್ತಿ ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿದಿಡುತ್ತದೆ. ಚುನಾವಣೆಗೆ ಠಾಣೆಯಲ್ಲಿ ಜಮಾ ಮಾಡಿ ವಾಪಸ್ ತಂದಾಗಲೂ ಒಮ್ಮೆ ನೋಡಿ.

ಇನ್ನೊಂದು ಮಾತು. ನಂಬರ್ ಕಳಿಸಿ ಹಣ ಕಟ್ಟಿದರೆ, ಆ ಪಿಸ್ತೂಲು ಕಾರ್ಖಾನೆಯಿಂದ ಯಾವತ್ತು ಹೊರಟಿತು ಅಂತ ಕೋಲ್ಟ್‌ನವರು ಪತ್ರ ಕೊಡುತ್ತಾರೆ. ನಮ್ಮ ಕೋವಿಗೆ ಅಂಥ ಪತ್ರ ಬರೆಯಬಲ್ಲವರು ನೀವೊಬ್ಬರೇ ಅಪ್ಪ. ಅಜ್ಜಯ್ಯ ಅದನ್ನು ಎಲ್ಲಿ ತಂದರು, ಯಾವ ವರ್ಷ, ದುಡ್ಡು ಹೇಗೆ ಹೊಂದಿಸಿದರು? ಹಳೇ ಲೈಸೆನ್ಸ್ ಪುಸ್ತಕದ ಜೊತೆ ಒಂದು ಹಾಳೆಯಲ್ಲಿ ಬರೆದಿಡಿ. ಒಂದು ಪ್ರತಿ ನನಗೂ ಕಳಿಸಿ.

ನಿಮ್ಮ ಮಗ